ಅಂಡಾಣುಗಳ ಶೈತ್ಯರಕ್ಷಣೆ, ಭ್ರೂಣಗಳ ಪರೀಕ್ಷೆ: ನಿರ್ಧಾರಕ್ಕೆ ಮುನ್ನ ತಿಳಿಯಬೇಕಾದ ಸಂಗತಿಗಳು

ಹೆಣ್ಣುಮಗುವೊಂದು ತಾಯಿಯ ಗರ್ಭದಲ್ಲಿ ಐದು ತಿಂಗಳು ತುಂಬಿಸುವ ವೇಳೆಗೆ ಅದರ ಎಳೆಯ ಅಂಡಾಶಯಗಳಲ್ಲಿ 60ರಿಂದ 70 ಲಕ್ಷದಷ್ಟು ಅಂಡಾಣುಗಳು ನೆಲೆಗೊಂಡಿರುತ್ತವೆ. ಅದು ಭೂಮಿಗೆ ಬರುವ ದಿನಕ್ಕಾಗಲೇ ಆ ಸಂಖ್ಯೆ 10ರಿಂದ 20 ಲಕ್ಷಕ್ಕೆ ಇಳಿದು, ಮೈನೆರೆಯುವ ಕಾಲಕ್ಕೆ 3–4 ಲಕ್ಷವಾಗಿ, ಮುಟ್ಟು ನಿಲ್ಲುವ ಹೊತ್ತಿಗೆ ಸುಮಾರು ಒಂದು ಸಾವಿರ ಮಾತ್ರ ಉಳಿದಿರುತ್ತದೆ. ಪುರುಷನ ದೇಹವು ವೀರ್ಯಾಣುಗಳನ್ನು ಪ್ರಾಯಕ್ಕೆ ಬಂದಂದಿನಿಂದ ವೃದ್ಧಾಪ್ಯದವರೆಗೂ ಹೊಸದಾಗಿ ನಿರ್ಮಿಸುತ್ತಲೇ ಇದ್ದರೆ, ಸ್ತ್ರೀಯ ದೇಹವು ಹುಟ್ಟುವಾಗ ತಂದ ಮೂಲಧನವನ್ನೇ ವ್ಯಯಿಸುತ್ತ ಸಾಗಬೇಕಾದುದು ಪ್ರಕೃತಿಯ ಏರ್ಪಾಡು. ಸಂಖ್ಯೆ ಕುಗ್ಗುವುದು ಇದರ ಅರ್ಧಭಾಗ ಮಾತ್ರ. ಪ್ರತಿಯೊಂದು ಅಂಡಾಣುವೂ ಗರ್ಭಸ್ಥ ಸ್ಥಿತಿಯಲ್ಲಿಯೇ ತನ್ನ ಕೋಶವಿಭಜನೆಯನ್ನು ಆರಂಭಿಸಿ, ಅದನ್ನು ನಡುವೆ ನಿಲ್ಲಿಸಿಕೊಂಡು, ತನ್ನ ಸರದಿಯ ತಿಂಗಳು ಬರುವವರೆಗೆ 20, 30, 40 ವರ್ಷಗಳ ಕಾಲ ಕಾದಿರುತ್ತದೆಯಾದ ಕಾರಣ, ವರ್ಣತಂತುಗಳನ್ನು ಜೋಡಿಯಾಗಿ ಹಿಡಿದಿಟ್ಟಿರುವ ಪ್ರೋಟೀನು ಬಂಧಗಳು ಆ ದೀರ್ಘ ನಿರೀಕ್ಷೆಯಲ್ಲಿ ಸಡಿಲಗೊಂಡು, ವಿಭಜನೆ ಪುನಃ ಮೊದಲಾದಾಗ ವರ್ಣತಂತುಗಳು ಸಮನಾಗಿ ಹಂಚಿಕೆಯಾಗದೆ ಒಂದು ಹೆಚ್ಚೋ ಒಂದು ಕಡಮೆಯೋ ಆಗುವ ಸಂಭವ ವಯಸ್ಸಿನೊಡನೆ ಏರುತ್ತದೆ. ಮೂವತ್ತರ ಆಸುಪಾಸಿನಲ್ಲಿ ಸರಿಸುಮಾರು ನಾಲ್ಕು ಭ್ರೂಣಗಳಿಗೊಂದರಲ್ಲಿ ಕಾಣುವ ಈ ದೋಷ, ನಲವತ್ತು ದಾಟಿದ ಮೇಲೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕಾಣುತ್ತದೆ. ಆ ವಯಸ್ಸಿನಲ್ಲಿ ಗರ್ಭ ನಿಲ್ಲದಿರುವುದಕ್ಕೂ, ನಿಂತ ಗರ್ಭ ಮೊದಲ ಮೂರು ತಿಂಗಳೊಳಗೆ ಇಳಿದುಹೋಗುವುದಕ್ಕೂ ಪ್ರಧಾನ ಕಾರಣ ಇದೇ.

ಇದಕ್ಕೆ ಪ್ರತಿಯಾಗಿ ವೈದ್ಯವಿಜ್ಞಾನವು ಎರಡು ಉಪಾಯಗಳನ್ನು ಕಂಡುಕೊಂಡಿದೆ. ಅಂಡಾಣುಗಳನ್ನು ಎಳವೆಯಲ್ಲಿಯೇ ಹೊರತೆಗೆದು ಅತಿಶೈತ್ಯದಲ್ಲಿ ಕಾದಿರಿಸುವುದು ಒಂದು. ಪ್ರಯೋಗಶಾಲೆಯಲ್ಲಿ ರೂಪುಗೊಂಡ ಭ್ರೂಣದಿಂದ ಕೆಲವು ಕೋಶಗಳನ್ನು ತೆಗೆದು ಅದರ ವರ್ಣತಂತುಗಳನ್ನೋ ವಂಶವಾಹಿಗಳನ್ನೋ ಪರೀಕ್ಷಿಸುವುದು ಇನ್ನೊಂದು. ನಗರಗಳ ಸಂತಾನ ಚಿಕಿತ್ಸಾಲಯಗಳ ಜಾಹೀರಾತುಗಳಲ್ಲಿ ಇವೆರಡೂ ಜೊತೆಜೊತೆಯಾಗಿ ಬರುವುದರಿಂದ ಒಂದರ ಗುಣವನ್ನು ಮತ್ತೊಂದಕ್ಕೆ ಆರೋಪಿಸಿಕೊಳ್ಳುವುದು ಸುಲಭವಾಗಿದೆ. ವಾಸ್ತವದಲ್ಲಿ ಇವುಗಳ ಪ್ರಯೋಜನವೂ ಮಿತಿಯೂ ಬೇರೆ ಬೇರೆ. ಕಾದಿಟ್ಟ ಅಂಡಾಣುವಿನ ಯೋಗ್ಯತೆಯನ್ನು ನಿರ್ಧರಿಸುವುದು ಅದನ್ನು ಹೊರತೆಗೆದ ದಿನದ ವಯಸ್ಸು. ಮುಂದೆ ನಡೆಯುವ ಯಾವ ಪರೀಕ್ಷೆಯೂ ಅದನ್ನು ಉತ್ತಮಗೊಳಿಸಲಾರದು. ಭ್ರೂಣಪರೀಕ್ಷೆಯಾದರೋ ಮನೆತನದಲ್ಲಿ ನಿಶ್ಚಿತವಾದ ರೋಗವೊಂದು ಇದ್ದವರಿಗೆ ಅಮೂಲ್ಯವಾದುದು; ಉಳಿದವರಿಗೆ ಅದರಿಂದಾಗುವ ಲಾಭ ಜಾಹೀರಾತಿನಲ್ಲಿ ತೋರುವಷ್ಟಿಲ್ಲ. ಈ ವಿವೇಚನೆಯೊಡನೆ ಚಿಕಿತ್ಸಾಲಯಕ್ಕೆ ಹೋದವರು ತಮ್ಮ ಹಣವನ್ನೂ, ಅದಕ್ಕಿಂತ ಬೆಲೆಬಾಳುವ ಕಾಲವನ್ನೂ ಉಳಿಸಿಕೊಳ್ಳಬಲ್ಲರು.

ಈ ವಿದ್ಯೆ ಪೂರ್ತಿಯಾಗಿ ಹೊರನಾಡುಗಳಿಂದ ಬಂದುದೆಂದು ತಿಳಿದವರು ಕಲ್ಕತ್ತೆಯ ಡಾ. ಸುಭಾಷ್ ಮುಖ್ಯೋಪಾಧ್ಯಾಯರನ್ನು ನೆನೆಯಬೇಕು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಜನಿಸಿದಳಷ್ಟೆ. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಮುಖ್ಯೋಪಾಧ್ಯಾಯರ ಪ್ರಯತ್ನದ ಫಲವಾಗಿ ದುರ್ಗಾ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತಳಾದ ಶಿಶುವಿನ ಜನನವಾಯಿತು. ಅವರು ಎಂಟು ಕೋಶಗಳ ಭ್ರೂಣವನ್ನು 53 ದಿನಗಳ ಕಾಲ ಶೈತ್ಯದಲ್ಲಿಟ್ಟು, ಅನಂತರ ಬೇರೊಂದು ಋತುಚಕ್ರದಲ್ಲಿ ತಾಯಿಯ ಗರ್ಭಾಶಯಕ್ಕೆ ಸೇರಿಸಿದ್ದರು. ಇಂದು ಚಿಕಿತ್ಸಾಲಯಗಳಲ್ಲಿ ನಿತ್ಯವೂ ನಡೆಯುವ ಕ್ರಮ ಅದೇ. ಅಂದಿನ ಸರಕಾರಿ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ನಡೆದ ಪ್ರನಾಳ ಶಿಶು ಜನನದ ಹಿಂದಿದ್ದ ವಿಜ್ಞಾನಿ, ಮುಂದೆ ಬೆಂಗಳೂರಿನಲ್ಲಿ ನೆಲಸಿದ ಟಿ. ಸಿ. ಆನಂದಕುಮಾರ್ ಅವರು ಮುಖ್ಯೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ಈ ದೇಶದಲ್ಲಿ ಮೊದಲಿಗರೆಂಬ ಮನ್ನಣೆ ತಮಗಲ್ಲ, ಆ ಮಹನೀಯರಿಗೇ ಸಲ್ಲತಕ್ಕದ್ದೆಂದು, ಬೆಂಗಳೂರಿನಿಂದಲೇ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 1997ರಲ್ಲಿ ಬರೆದರು. ತನ್ನ ಕೀರ್ತಿಯನ್ನು ತಾನೇ ಇನ್ನೊಬ್ಬರಿಗೆ ಒಪ್ಪಿಸುವ ಇಂತಹ ಔದಾರ್ಯ ವಿಜ್ಞಾನದ ಚರಿತ್ರೆಯಲ್ಲಿ ಬಹಳ ಅಪರೂಪವೆಂದು ನನ್ನ ಭಾವನೆ.

ಭ್ರೂಣವನ್ನು ಕಾದಿಡುವುದಕ್ಕಿಂತ ಅಂಡಾಣುವನ್ನು ಕಾದಿಡುವುದು ಕಠಿನವಾದ ಕಾರ್ಯವಾಗಿತ್ತು. ಅಂಡಾಣು ಮಾನವ ಶರೀರದ ಅತ್ಯಂತ ದೊಡ್ಡ ಕೋಶ. ಅದರೊಳಗೆ ತುಂಬಿರುವ ನೀರು ಹೆಪ್ಪುಗಟ್ಟುವಾಗ ಮೂಡುವ ಮಂಜುಹರಳುಗಳು ಒಳಗಿನ ಸೂಕ್ಷ್ಮರಚನೆಯನ್ನು ಸೀಳಿಬಿಡುತ್ತಿದ್ದವು. ಆಸ್ಟ್ರೇಲಿಯದ ಕ್ರಿಸ್ಟೋಫರ್ ಚೆನ್ ಅವರು 1986ರಲ್ಲಿ ಮೊದಲ ಯಶಸ್ಸನ್ನು ವರದಿ ಮಾಡಿದರಾದರೂ, ಅನಂತರದ ಬಹುಕಾಲ ಫಲಿತಾಂಶ ನಿರಾಶಾದಾಯಕವಾಗಿಯೇ ಇತ್ತು. ಜಪಾನಿನ ಮಸಾಶಿಗೆ ಕುವಾಯಾಮಾ ಮೊದಲಾದವರು ಪರಿಷ್ಕರಿಸಿದ ವಿಟ್ರಿಫಿಕೇಷನ್ ಎಂಬ ಕ್ರಮದಿಂದ ಸ್ಥಿತಿ ಬದಲಾಯಿತು. ಈ ಕ್ರಮದಲ್ಲಿ ಅಂಡಾಣುವಿನ ನೀರಿನಂಶವನ್ನು ಬಹುಮಟ್ಟಿಗೆ ಹೊರಸೆಳೆದು, ರಕ್ಷಕ ದ್ರವವನ್ನು ಒಳಸೇರಿಸಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್ಸಿನ ದ್ರವ ಸಾರಜನಕಕ್ಕೆ ಇಳಿಸುವುದರಿಂದ, ಹರಳುಗಟ್ಟಲು ಅವಕಾಶವೇ ಇಲ್ಲದೆ ಅದು ಗಾಜಿನಂತೆ ಘನೀಭವಿಸುತ್ತದೆ. ಅಮೆರಿಕದ ಸಂತಾನ ಚಿಕಿತ್ಸಾ ವೈದ್ಯರ ಸಂಘವು 2012ರಲ್ಲಿ ಇದು ಇನ್ನು ಪ್ರಾಯೋಗಿಕ ಕ್ರಮವಲ್ಲವೆಂದು ಘೋಷಿಸಿತು. ಅನುಭವವುಳ್ಳ ಪ್ರಯೋಗಶಾಲೆಗಳಲ್ಲಿ ಇಂದು ಕರಗಿಸಿದ ಅಂಡಾಣುಗಳ ಪೈಕಿ ನೂರಕ್ಕೆ 80–90ರಷ್ಟು ಜೀವಂತವಾಗಿ ಹೊರಬರುತ್ತವೆ.

ಈ ವಿದ್ಯೆಯ ನೆರವು ಎಲ್ಲರಿಗಿಂತ ಮೊದಲು ಯಾರಿಗೆ ಸಲ್ಲಬೇಕೆಂದು ಕೇಳಿದರೆ, ಕ್ಯಾನ್ಸರ್ ಎಂಬ ವರದಿಯನ್ನು ಕೈಯಲ್ಲಿ ಹಿಡಿದ ತರುಣಿಯರಿಗೆ ಎಂದು ನಾನು ನಿಸ್ಸಂಶಯವಾಗಿ ಹೇಳುವೆನು. ಸೈಕ್ಲೋಫಾಸ್ಫಮೈಡ್‌ನಂತಹ ಔಷಧಗಳು ಮತ್ತು ಕಿಬ್ಬೊಟ್ಟೆಗೆ ಕೊಡುವ ವಿಕಿರಣವು ಅಂಡಾಶಯದ ಸಂಗ್ರಹವನ್ನು ಕೆಲವೇ ತಿಂಗಳುಗಳಲ್ಲಿ ಬರಿದುಮಾಡಬಲ್ಲವು. ಆದರೆ ರೋಗ ಪತ್ತೆಯಾದ ಆ ದಿನಗಳಲ್ಲಿ ರೋಗಿಯೂ ಮನೆಯವರೂ ವೈದ್ಯರೂ ಜೀವವೊಂದು ಉಳಿದರೆ ಸಾಕೆಂಬ ಚಿಂತೆಯಲ್ಲಿರುವುದರಿಂದ, ಮುಂದೊಂದು ದಿನ ಆಕೆ ಗುಣಹೊಂದಿ, ಬಾಳಿ, ಮಕ್ಕಳನ್ನು ಬಯಸಬಹುದೆಂಬ ಮಾತು ಯಾರ ಬಾಯಿಂದಲೂ ಹೊರಡದೆ ಚಿಕಿತ್ಸೆ ಆರಂಭವಾಗಿಬಿಡುತ್ತದೆ. ವೈದ್ಯರು ತಾವಾಗಿ ಹೇಳದಿದ್ದರೆ ರೋಗಿಯೇ ಕೇಳಬೇಕು: “ಡಾಕ್ಟರೇ, ಈ ಚಿಕಿತ್ಸೆಯಿಂದ ನನಗೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯುಂಟೆ? ಶುರುಮಾಡುವ ಮೊದಲು ಎರಡು ವಾರ ಅವಕಾಶ ಕೊಡಬಹುದೆ?” ಆ ಎರಡು ವಾರ ಸಾಕು. ಮುಟ್ಟಿನ ದಿನಕ್ಕಾಗಿ ಕಾಯದೆ ಋತುಚಕ್ರದ ಯಾವ ದಿನದಲ್ಲಿಯಾದರೂ ಔಷಧವನ್ನು ಆರಂಭಿಸುವ ಕ್ರಮ ಈಗ ರೂಢಿಯಲ್ಲಿದೆ; ಸ್ತನ ಕ್ಯಾನ್ಸರಿನವರಿಗೆ ಲೆಟ್ರೊಜೋಲ್ ಮಾತ್ರೆಯನ್ನು ಜೊತೆಗೆ ಕೊಟ್ಟು ಈಸ್ಟ್ರೋಜನ್ ಏರದಂತೆ ನೋಡಿಕೊಳ್ಳುತ್ತಾರೆ. ತೀವ್ರಸ್ವರೂಪದ ರಕ್ತ ಕ್ಯಾನ್ಸರಿನಲ್ಲಿ ಈ ಅವಕಾಶವೂ ಇರುವುದಿಲ್ಲವೆಂಬುದು ದುಃಖದ ಸಂಗತಿ. ಮೈನೆರೆಯದ ಬಾಲಿಕೆಯರ ಸಂಬಂಧದಲ್ಲಿ ಅಂಡಾಶಯದ ಹೊರಪದರದ ತುಣುಕನ್ನೇ ತೆಗೆದು ಕಾದಿಡುವ ವಿಧಾನವಿದೆ. ಹಾಗೆ ಕಾದಿಟ್ಟ ಊತಕವನ್ನು ಮರಳಿ ನೆಟ್ಟು ಪಡೆದ ಶಿಶುವಿನ ಜನನ 2004ರಲ್ಲಿ ಬೆಲ್ಜಿಯಮ್ಮಿನಿಂದ ವರದಿಯಾಯಿತು. ಗಂಡುಮಕ್ಕಳಿಗಾದರೆ ದಾರಿ ಸರಳ: ಕೀಮೋಥೆರಪಿಯ ಮೊದಲ ಬಾಟಲಿ ಏರುವುದಕ್ಕೆ ಮುಂಚೆ ವೀರ್ಯವನ್ನು ಕೊಟ್ಟು ಕಾದಿರಿಸಿದರಾಯಿತು. ಇಷ್ಟು ಸುಲಭವಾದ ಕಾರ್ಯವೂ ಸಂಕೋಚದಿಂದಲೋ ಅಜ್ಞಾನದಿಂದಲೋ ತಪ್ಪಿಹೋಗುವುದನ್ನು ತಂದೆತಾಯಿಗಳೇ ತಡೆಯಬೇಕು. ಲೂಪಸ್‌ನಂತಹ ಕಾಯಿಲೆಗೆ ಇಂಥ ಔಷಧವನ್ನೇ ಪಡೆಯುವವರೂ, ಎಂಡೊಮೆಟ್ರಿಯೋಸಿಸ್ ನಿಮಿತ್ತ ಎರಡೂ ಅಂಡಾಶಯಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾದವರೂ ಇದೇ ಪ್ರಶ್ನೆಯನ್ನು ಕೇಳತಕ್ಕವರು.

ವ್ಯಾಧಿಯ ನಿಮಿತ್ತವಿಲ್ಲದೆ, ವ್ಯಾಸಂಗ ಮುಗಿದಿಲ್ಲವೆಂದೋ ಅನುರೂಪನಾದ ವರ ದೊರೆತಿಲ್ಲವೆಂದೋ ಅಂಡಾಣುಗಳನ್ನು ಕಾದಿಡಲು ಬಯಸುವವರ ಸಂಖ್ಯೆಯೂ ಬೆಳೆಯುತ್ತಿದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ; ಲೆಕ್ಕಹಾಕಬೇಕಾದುದು ಮಾತ್ರ ಬಹಳವಿದೆ. ಅಮೆರಿಕದ ವೈದ್ಯರು 2017ರಲ್ಲಿ ಪ್ರಕಟಿಸಿದ ಗಣಿತವೊಂದರ ಪ್ರಕಾರ, ಒಂದು ಮಗುವನ್ನಾದರೂ ಪಡೆಯುವ ಸಂಭವ ನೂರಕ್ಕೆ 75ರಷ್ಟು ಇರಬೇಕಾದರೆ 34ರ ವಯಸ್ಸಿನಲ್ಲಿ 10 ಪಕ್ವ ಅಂಡಾಣುಗಳು ಸಾಕು; 37ರಲ್ಲಿ 20 ಬೇಕು; 42ರಲ್ಲಿ 61 ಬೇಕು. ಒಂದು ಸಲದ ಚಿಕಿತ್ಸೆಯಲ್ಲಿ ಕಿರಿವಯಸ್ಸಿನವರಿಗೆ ಹತ್ತು ಹದಿನೈದು ದೊರೆಯಬಹುದಾದರೆ, ನಲವತ್ತರ ಮೇಲಿನವರಿಗೆ ಮೂರೋ ನಾಲ್ಕೋ ದೊರೆತರೂ ಆಶ್ಚರ್ಯವಿಲ್ಲ. ಆದುದರಿಂದ ಮೂವತ್ತೈದರೊಳಗೆ ಕೈಗೊಂಡ ನಿರ್ಧಾರಕ್ಕೂ ನಲವತ್ತೆರಡರಲ್ಲಿ ಕೈಗೊಂಡ ನಿರ್ಧಾರಕ್ಕೂ ಹೆಸರೊಂದೇ ಆದರೂ ಫಲ ಒಂದೇ ಅಲ್ಲ. ಕಾದಿಟ್ಟವರಲ್ಲಿ ಮರಳಿ ಬಂದು ಅವನ್ನು ಬಳಸುವವರು ಕಡಮೆ ಎಂಬುದೂ ತಿಳಿದಿರಲಿ. ಅನೇಕರು ಸಹಜವಾಗಿಯೇ ಗರ್ಭ ಧರಿಸುತ್ತಾರೆ. ಎಎಂಎಚ್ ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಕಂಡು ಹಿಗ್ಗುವುದೂ ಕುಗ್ಗುವುದೂ ಬೇಡ. ಔಷಧಕ್ಕೆ ಎಷ್ಟು ಅಂಡಾಣುಗಳು ಸ್ಪಂದಿಸಬಹುದೆಂಬುದನ್ನು ಅದು ಸೂಚಿಸುತ್ತದೆಯೇ ವಿನಾ ಅವುಗಳ ಗುಣವನ್ನಾಗಲಿ, ಸಹಜ ಗರ್ಭಧಾರಣೆಯ ಶಕ್ತಿಯನ್ನಾಗಲಿ ಸೂಚಿಸುವುದಿಲ್ಲ. ಗುಣಕ್ಕೆ ವಯಸ್ಸಿಗಿಂತ ಉತ್ತಮವಾದ ಅಳತೆ ಇನ್ನೂ ದೊರೆತಿಲ್ಲ.

ಚಿಕಿತ್ಸೆಯ ಕ್ರಮ ಹೀಗಿದೆ. ಹತ್ತು ಹನ್ನೆರಡು ದಿನಗಳ ಕಾಲ ಹೊಟ್ಟೆಯ ಚರ್ಮದಡಿಯಲ್ಲಿ ಹಾರ್ಮೋನಿನ ಇಂಜೆಕ್ಷನ್ ತೆಗೆದುಕೊಳ್ಳಬೇಕು. ನಡುನಡುವೆ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆ ಇರುತ್ತವೆ. ಕೋಶಿಕೆಗಳು ಬೆಳೆದ ಮೇಲೆ ಕೊನೆಯ ಇಂಜೆಕ್ಷನ್ ಕೊಟ್ಟು, 34ರಿಂದ 36 ಗಂಟೆಗಳ ಅನಂತರ ಲಘು ಅರಿವಳಿಕೆಯಲ್ಲಿ, ಸ್ಕ್ಯಾನಿಂಗ್ ನೆರವಿನಿಂದ ಯೋನಿಮಾರ್ಗವಾಗಿ ಸೂಜಿಯನ್ನು ಹಾಯಿಸಿ ಅಂಡಾಣುಗಳನ್ನು ಹೀರಿಕೊಳ್ಳುತ್ತಾರೆ. ಅರ್ಧಗಂಟೆಯೊಳಗಿನ ಕೆಲಸ, ಹೊಟ್ಟೆ ಕೊಯ್ಯುವುದಿಲ್ಲ, ಅಂದೇ ಮನೆಗೆ ಮರಳಬಹುದು. ಅಪಾಯ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಂಡಾಶಯಗಳು ಅತಿಯಾಗಿ ಪ್ರಚೋದಿತವಾದರೆ ಹೊಟ್ಟೆಯಲ್ಲಿ ನೀರು ತುಂಬಿ ಉಬ್ಬುವುದು, ವಾಂತಿ, ಉಸಿರಾಟದ ಕಷ್ಟ, ಮೂತ್ರ ಕಡಮೆಯಾಗುವುದು ಮೊದಲಾದ ಲಕ್ಷಣಗಳು ತೋರಬಹುದು. ಔಷಧಕ್ರಮದ ಸುಧಾರಣೆಯಿಂದ ತೀವ್ರರೂಪ ಈಗ ವಿರಳವಾಗಿದೆಯಾದರೂ, ಈ ಲಕ್ಷಣಗಳು ಕಂಡೊಡನೆ ರಾತ್ರಿಯಾದರೂ ಫೋನ್ ಮಾಡಬಹುದಾದ ಸಂಖ್ಯೆಯನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇರುವವರು ಈ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸತಕ್ಕದ್ದು.

ಇನ್ನು ಭ್ರೂಣಪರೀಕ್ಷೆಯ ವಿಚಾರ. ಕಾದಿಟ್ಟ ಅಂಡಾಣುವನ್ನು ಕರಗಿಸಿ, ಅದರೊಳಗೆ ಒಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸಿ, ಐದಾರು ದಿನ ಬೆಳೆಸಿದ ಮೇಲೆ, ಮುಂದೆ ಮಾಸು ಆಗತಕ್ಕ ಹೊರಪದರದಿಂದ ಐದರಿಂದ ಹತ್ತು ಕೋಶಗಳನ್ನು ತೆಗೆದು ತಜ್ಞ ಪ್ರಯೋಗಶಾಲೆಗೆ ಕಳುಹಿಸುತ್ತಾರೆ; ವರದಿ ಬರುವವರೆಗೆ ಭ್ರೂಣವನ್ನು ಶೈತ್ಯದಲ್ಲಿಡುತ್ತಾರೆ. 1990ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರು ಇದನ್ನು ಮೊದಲು ಸಾಧಿಸಿದುದು, ಗಂಡುಮಕ್ಕಳಿಗೆ ಮಾತ್ರ ತಗಲುವ ವಂಶಪಾರಂಪರ್ಯದ ಘೋರ ವ್ಯಾಧಿಗಳಿದ್ದ ಮನೆತನಗಳಿಗಾಗಿ. ಒಂದೇ ವಂಶವಾಹಿಯ ದೋಷದಿಂದ ಬರುವ ರೋಗವನ್ನು ಹುಡುಕುವ ಪಿಜಿಟಿ-ಎಂ ಎಂಬ ಪರೀಕ್ಷೆ ಆ ಮೂಲ ಉದ್ದೇಶದ ನೇರ ವಾರಸು. ಗಂಡಹೆಂಡಿರಿಬ್ಬರೂ ಥಲಸೀಮಿಯದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಸಿಕಲ್ ಸೆಲ್ ರಕ್ತಹೀನತೆ ಮೊದಲಾದವುಗಳಿಗೂ ಲೆಕ್ಕ ಇದೇ.

ಈ ಮಾತು ನಮ್ಮ ನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಕರ್ನಾಟಕದ ಅನೇಕ ಕುಟುಂಬಗಳಲ್ಲಿ ಇಂದಿಗೂ ಉಂಟು. ಒಂದೇ ಮೂಲದಿಂದ ಬಂದ ದೋಷಯುಕ್ತ ವಂಶವಾಹಿ ಇಬ್ಬರಲ್ಲಿಯೂ ಇರುವ ಸಂಭವ ಇಂತಹ ವಿವಾಹಗಳಲ್ಲಿ ಹೆಚ್ಚು. ಚಾಮರಾಜನಗರ, ಕೊಡಗು, ಮೈಸೂರು ಪ್ರಾಂತ್ಯದ ಆದಿವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ಕಂಡುಬಂದಿದೆ. ಮನೆಯಲ್ಲಿ ಒಂದು ಮಗು ಎಳವೆಯಲ್ಲಿಯೇ ತೀರಿಕೊಂಡಿದ್ದರೆ, ಅಥವಾ ಪದೇಪದೇ ರಕ್ತ ಏರಿಸಬೇಕಾದ, ನಡೆಯಲಾರದ ಮಗುವಿದ್ದರೆ, ಮೊದಲು ಮಾಡತಕ್ಕ ಕೆಲಸ ಪ್ರಯೋಗಶಾಲೆಯಲ್ಲಿ ಭ್ರೂಣವನ್ನು ರೂಪಿಸುವ ಐವಿಎಫ್ ಅಲ್ಲ. ಆ ಮಗುವಿನ ಮತ್ತು ತಂದೆತಾಯಿಗಳ ವಂಶವಾಹಿ ಪರೀಕ್ಷೆ ಮಾಡಿಸಿ, ದೋಷ ಇಂಥದೇ ಎಂದು ಅಕ್ಷರಶಃ ಗುರುತಿಸಿಕೊಳ್ಳುವುದು. ಆ ಗುರುತಿಲ್ಲದೆ ಭ್ರೂಣದಲ್ಲಿ ಏನನ್ನು ಹುಡುಕಬೇಕೆಂಬುದೇ ತಿಳಿಯುವುದಿಲ್ಲ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂತಹ ಸಂಸ್ಥೆಗಳಲ್ಲಿ ತಳಿಶಾಸ್ತ್ರಜ್ಞರ ಸಲಹೆ ದೊರೆಯುತ್ತದೆ. ಅನಂತರ ಪ್ರಯೋಗಶಾಲೆಯವರು ಆ ಕುಟುಂಬಕ್ಕೆಂದೇ ಪರೀಕ್ಷೆಯನ್ನು ಸಿದ್ಧಪಡಿಸಿಕೊಳ್ಳಲು ಕೆಲವು ವಾರಗಳು ಹಿಡಿಯುತ್ತವೆ. ಭ್ರೂಣ ನಿರ್ದೋಷವೆಂದು ವರದಿ ಬಂದು ಗರ್ಭ ನಿಂತ ಮೇಲೆಯೂ, ಸ್ವಲ್ಪಮಟ್ಟಿನ ತಪ್ಪಿಗೆ ಅವಕಾಶವಿರುವುದರಿಂದ, ಬಸಿರಿನಲ್ಲಿ ಮತ್ತೊಮ್ಮೆ ದೃಢಪಡಿಸಿಕೊಳ್ಳುವಂತೆ ವೈದ್ಯರು ಹೇಳುತ್ತಾರೆ. ಐವಿಎಫ್‌ನ ವೆಚ್ಚ ಭರಿಸಲಾಗದವರು ಸಹಜವಾಗಿ ಗರ್ಭ ಧರಿಸಿ, ಮೂರನೆಯ ತಿಂಗಳಲ್ಲಿ ಮಾಸಿನ ಚೂರಿನ ಪರೀಕ್ಷೆಯನ್ನು ಮಾಡಿಸಿಕೊಳ್ಳುವ ಹಳೆಯ ದಾರಿಯೂ ತೆರೆದೇ ಇದೆ. ಅದರಲ್ಲಿರುವ ಸಂಕಟವೇನೆಂಬುದನ್ನು ಅನುಭವಿಸಿದವರೇ ಬಲ್ಲರು.

ಪಿಜಿಟಿ-ಎ ಎಂಬ ಪರೀಕ್ಷೆ ಇದಕ್ಕಿಂತ ಭಿನ್ನ. ಯಾವ ರೋಗದ ಚರಿತ್ರೆಯೂ ಇಲ್ಲದವರ ಭ್ರೂಣಗಳಲ್ಲಿ ವರ್ಣತಂತುಗಳ ಸಂಖ್ಯೆಯನ್ನು ಎಣಿಸುವ ಕ್ರಮವಿದು. ದೋಷವುಳ್ಳವನ್ನು ತೆಗೆದಿಟ್ಟರೆ ಉಳಿದವು ಫಲಿಸುತ್ತವೆಂಬ ತರ್ಕ ಸರಳವಾಗಿ ತೋರುತ್ತದೆ. ಆದರೆ 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ, ಚೀನಾ ದೇಶದ 1,212 ಸ್ತ್ರೀಯರನ್ನು ಒಳಗೊಂಡ ಅಧ್ಯಯನದಲ್ಲಿ, ಪರೀಕ್ಷೆ ಮಾಡಿಸಿದವರಲ್ಲಿ ಮಗು ಪಡೆದವರು ನೂರಕ್ಕೆ 77.2; ಮಾಡಿಸದೆ ರೂಪನೋಡಿ ಭ್ರೂಣವನ್ನು ಆರಿಸಿಕೊಂಡವರಲ್ಲಿ 81.8. ಅವರೆಲ್ಲರೂ 37ರೊಳಗಿನವರು, ಒಳ್ಳೆಯ ಭ್ರೂಣಗಳು ದೊರೆತವರು. ಹೊರಪದರದಿಂದ ತೆಗೆದ ನಾಲ್ಕಾರು ಕೋಶಗಳು ಒಳಗಿನ ಶಿಶುಭಾಗವನ್ನು ಯಾವಾಗಲೂ ಪ್ರತಿನಿಧಿಸುವುದಿಲ್ಲ. ಸರಿಯಾದ ಮತ್ತು ಸರಿಯಲ್ಲದ ಕೋಶಗಳು ಬೆರೆತಿರುವ ಭ್ರೂಣಗಳಿಂದ ಆರೋಗ್ಯವಂತ ಶಿಶುಗಳು ಜನಿಸಿದ ನಿದರ್ಶನಗಳು ಸಾಕಷ್ಟಿವೆ. ವಯಸ್ಸು ಹೆಚ್ಚಾದವರಿಗೂ, ಪದೇಪದೇ ಗರ್ಭಪಾತವಾದವರಿಗೂ ವ್ಯರ್ಥ ಪ್ರಯತ್ನಗಳನ್ನು ಕಡಮೆಮಾಡಲು ಇದು ಸಹಾಯಕವಾಗಬಹುದು. ಆದರೆ ಇರುವ ಭ್ರೂಣಗಳಲ್ಲಿ ಆಯ್ಕೆ ಮಾಡುವುದಷ್ಟೇ ಇದರ ಶಕ್ತಿ, ಹೊಸದೊಂದನ್ನು ಸೃಷ್ಟಿಸುವುದಲ್ಲ. ಮೂವತ್ತೊಂದರಲ್ಲಿ ಅಂಡಾಣುಗಳನ್ನು ಕಾದಿಟ್ಟ ಆರೋಗ್ಯವಂತ ಸ್ತ್ರೀಗೆ ಇದನ್ನು ಪ್ಯಾಕೇಜಿನ ಭಾಗವಾಗಿ ಸೇರಿಸಿ ಹೇಳುವವರಿದ್ದರೆ, ಆಕೆ ಕಾರಣವನ್ನು ಕೇಳಿ, ಉತ್ತರ ಸಮರ್ಪಕವಾಗಿಲ್ಲದಿದ್ದರೆ ಬೇಡವೆನ್ನುವುದೇ ಯುಕ್ತ.

ಕಾನೂನಿನ ಅಂಕೆಯೂ ಇದೇ ದಿಕ್ಕಿನಲ್ಲಿದೆ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯು ಭ್ರೂಣಪರೀಕ್ಷೆಯನ್ನು ಮುಖ್ಯವಾಗಿ ಮೊದಲೇ ತಿಳಿದಿರುವ ಆನುವಂಶಿಕ ವ್ಯಾಧಿಗಳಿಗೆಂದು ಸೀಮಿತಗೊಳಿಸುತ್ತದೆ. ಲಿಂಗದ ಆಯ್ಕೆ ಈ ಕಾಯಿದೆಯಲ್ಲಿಯೂ, ಅದಕ್ಕೆ ಹಿಂದಿನ 1994ರ ಪಿಸಿಪಿಎನ್‌ಡಿಟಿ ಕಾಯಿದೆಯಲ್ಲಿಯೂ ಅಪರಾಧ. ಗಂಡು ಬೇಕೆ ಹೆಣ್ಣು ಬೇಕೆ ಎಂದು ಸನ್ನೆಯಿಂದ ಸೂಚಿಸುವ ಚಿಕಿತ್ಸಾಲಯದಿಂದ ಕೂಡಲೇ ಎದ್ದು ಬರತಕ್ಕದ್ದು. 21 ದಾಟಿದ ಅವಿವಾಹಿತೆಯೂ ತನ್ನ ಅಂಡಾಣುಗಳನ್ನು ಕಾದಿಡಬಹುದು. ಚಿಕಿತ್ಸೆ ಪಡೆಯಲು ಸ್ತ್ರೀಯರಿಗೆ 50, ಪುರುಷರಿಗೆ 55 ವರ್ಷಗಳ ಮೇಲ್ಮಿತಿಯುಂಟು. ಆದರೆ ಬಾಡಿಗೆ ತಾಯ್ತನದ ಕಾಯಿದೆಯು ಒಂಟಿ ಸ್ತ್ರೀಯರ ಪೈಕಿ 35ರಿಂದ 45ರೊಳಗಿನ ವಿಧವೆಯರಿಗೂ ವಿಚ್ಛೇದಿತೆಯರಿಗೂ ಮಾತ್ರ ಅವಕಾಶ ಕೊಡುವುದರಿಂದ, ಮುಂದೆ ಬೇರೊಬ್ಬರು ಹೊರುವರೆಂಬ ಭರವಸೆಯಿಂದ ಅವಿವಾಹಿತೆಯೊಬ್ಬಳು ಅಂಡಾಣುಗಳನ್ನು ಕಾದಿಡುವುದು ಸಲ್ಲದು. ಚಿಕಿತ್ಸಾಲಯವು ನೆರವಿನ ಸಂತಾನೋತ್ಪತ್ತಿ ಕಾಯಿದೆಯ ಅನ್ವಯ ಎರಡನೆಯ ಹಂತದ ನೋಂದಣಿ ಪಡೆದಿರಬೇಕು; ಪ್ರಮಾಣಪತ್ರವನ್ನು ತೋರಿಸಿರೆಂದು ಕೇಳುವುದಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ.

ಸಹಿ ಹಾಕುವ ಮುನ್ನ ಬರವಣಿಗೆಯಲ್ಲಿ ಪಡೆಯಬೇಕಾದುವು ಕೆಲವಿವೆ. ಆ ಚಿಕಿತ್ಸಾಲಯದಲ್ಲಿಯೇ ಅಂಡಾಣುಗಳನ್ನು ಕರಗಿಸಿ ಎಷ್ಟು ಮಂದಿಗೆ ಮಕ್ಕಳಾಗಿದ್ದಾರೆಂಬುದನ್ನು ಕೇಳಬೇಕು. ಕಾದಿಟ್ಟವರ ಸಂಖ್ಯೆಯನ್ನು ಹೇಳಿ ತೃಪ್ತಿಪಡಿಸುವುದು ಉತ್ತರವಲ್ಲ. ಹೇಳಿದ ಮೊತ್ತದಲ್ಲಿ ಔಷಧಗಳ ಬೆಲೆ ಸೇರಿದೆಯೆ, ವರ್ಷವರ್ಷದ ಸಂಗ್ರಹಶುಲ್ಕವೆಷ್ಟು, ಮುಂದೆ ಕರಗಿಸಿ ಭ್ರೂಣ ಬೆಳೆಸುವ ಖರ್ಚೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು. ಭ್ರೂಣಗಳ ಸಂಗ್ರಹಕ್ಕೆ ಕಾಯಿದೆ 10 ವರ್ಷಗಳ ಮಿತಿ ಹಾಕಿದೆ. ಸ್ವಂತ ಅಂಡಾಣುಗಳಿಗೆ ತಮ್ಮಲ್ಲಿ ಎಷ್ಟು ಅವಧಿಯೆಂಬುದನ್ನು ಚಿಕಿತ್ಸಾಲಯ ಲಿಖಿತವಾಗಿ ಹೇಳಲಿ, ಏಕೆಂದರೆ ಇಪ್ಪತ್ತಾರರಲ್ಲಿ ಕಾದಿಟ್ಟವಳಿಗೂ ಮೂವತ್ತಾರರಲ್ಲಿ ಕಾದಿಟ್ಟವಳಿಗೂ ಅದರ ಅರ್ಥ ಒಂದೇ ಆಗಿರುವುದಿಲ್ಲ. ವಿವಾಹಿತರು ಅಂಡಾಣು ಕಾದಿಡುವುದೋ ಭ್ರೂಣ ಕಾದಿಡುವುದೋ ಎಂದು ಯೋಚಿಸುವಾಗ, ಅಂಡಾಣು ಒಬ್ಬಳದು, ಭ್ರೂಣ ಇಬ್ಬರದು ಎಂಬುದನ್ನು ಮರೆಯಬಾರದು. ವಿಚ್ಛೇದವಾದರೆ ಒಬ್ಬರ ಸಮ್ಮತಿಯಿಲ್ಲದೆ ಇನ್ನೊಬ್ಬರು ಭ್ರೂಣವನ್ನು ಬಳಸುವಂತಿಲ್ಲ. ಸಂಬಂಧಪಟ್ಟವರು ಮೃತರಾದರೆ ಅಥವಾ ಅಶಕ್ತರಾದರೆ ಏನು ಮಾಡಬೇಕೆಂಬ ಲಿಖಿತ ನಿರ್ದೇಶವಿಲ್ಲದೆ ಕಾದಿಡಕೂಡದೆಂಬುದು ಕಾಯಿದೆಯ ವಿಧಿ. ಆ ಪುಟವನ್ನು ಓದದೆ ಗುರುತುಹಾಕುವವರು ಬಹಳ. ಉದ್ಯೋಗನಿಮಿತ್ತ ಬೆಂಗಳೂರು ಬಿಟ್ಟು ಹೊರದೇಶಗಳಲ್ಲಿ ನೆಲಸುವ ಕನ್ನಡಿಗರು, ಇಲ್ಲಿ ಕಾದಿಟ್ಟ ತಮ್ಮ ಅಂಡಾಣು ಅಥವಾ ಭ್ರೂಣಗಳನ್ನು ಸ್ವಂತ ಬಳಕೆಗಾಗಿ ಅಲ್ಲಿಗೆ ಒಯ್ಯಬೇಕಾದರೆ ಇದೇ ಕಾಯಿದೆಯನ್ವಯದ ರಾಷ್ಟ್ರೀಯ ಮಂಡಳಿಯ ಅನುಮತಿ ಪಡೆಯಬೇಕಾಗುತ್ತದೆಯಾದ್ದರಿಂದ, ವೀಸಾದ ಕಾಗದಗಳೊಡನೆಯೇ ಆ ಅರ್ಜಿಯನ್ನೂ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.